ಓದುಗರ ಪ್ರಶ್ನೆ: ಟ್ಯೂಬ್‌ಲೈಟ್ ಬೆಳಕಿನಲ್ಲಿ ಓಡುವ ಕ್ಯಾಲ್ಕುಲೇಟರ್

ಸೋಲಾರ್ ಪ್ಯಾನೆಲ್ ಇರುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆದು ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆವು. ತುಂಬಾ ಪತ್ರ ಬಂದಿವೆ. ಹೆಚ್ಚಿನವು ಇಂಜಿನಿಯರಿಂಗ್, ಡಿಪ್ಲೊಮಾ ಓದುವವರದ್ದು. ಮೇಷ್ಟ್ರುಗಳೂ ಅಪ್ಪ-ಅಮ್ಮಂದಿರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ನನ್ನದು ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್. ಮೇಲೆ ಸೋಲಾರ್ ಪ್ಯಾನೆಲ್ ಇದೆ, ಒಳಗೆ ಬಟನ್ ಸೆಲ್ಲೂ ಇದೆ. ಪ್ಯಾನೆಲ್ಲನ್ನು ಕೈಯಲ್ಲಿ ಮುಚ್ಚಿದರೂ ಕ್ಯಾಲ್ಕುಲೇಟರ್ ನಡೆಯುತ್ತೆ. ಹಾಗಾದ್ರೆ ಪ್ಯಾನೆಲ್ ಸುಮ್ನೆ ಚೆಂದಕ್ಕಾ? ಬಿಸಿಲಲ್ಲಿಟ್ಟರೆ ಸೆಲ್ ಚಾರ್ಜ್ ಆಗುತ್ತಾ?
(ಹುಬ್ಬಳ್ಳಿ, ಇಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ)

ಚೆಂದಕ್ಕಲ್ಲ. ಆದರೆ ಸೆಲ್ ಚಾರ್ಜ್ ಕೂಡ ಆಗಲ್ಲ. ಒಳಗಿರುವುದು ಎಲ್‌ಆರ್44 ಅನ್ನುವ ಆಲ್ಕಲೈನ್ ಬಟನ್ ಸೆಲ್. ಅದು ಮತ್ತೆ ಚಾರ್ಜ್ ಮಾಡುವ ಜಾತಿಯದ್ದೇ ಅಲ್ಲ. ಪ್ಯಾನೆಲ್ ಪಕ್ಕ 'ಟೂ ವೇ ಪವರ್' ಅಂತ ಬರೆದಿರುತ್ತಾರೆ, ನೋಡಿ. ಬೆಳಕು ಇದ್ದಾಗ ಪ್ಯಾನೆಲ್ ತನ್ನ ಪಾಲಿನ ಕರೆಂಟು ಕೊಡುತ್ತದೆ, ಸೆಲ್ಲಿನ ಮೇಲಿನ ಹೊರೆ ಅಷ್ಟು ಕಡಿಮೆಯಾಗುತ್ತದೆ. ಬೆಳಕು ಹೋದರೆ ಸೆಲ್ ಹೆಗಲು ಕೊಡುತ್ತದೆ. ಮೆಮೊರಿಯಲ್ಲಿಟ್ಟ ಅಂಕಿಗಳು ಉಳಿಯಬೇಕಾದರೂ ಸೆಲ್ ಬೇಕು, ಏಕೆಂದರೆ ಬ್ಯಾಗಿನೊಳಗೆ ಕತ್ತಲೆ ಅಲ್ವಾ. ನಿಮ್ಮ ಮಾಡೆಲ್ಲಿಗೆ ದಿನಕ್ಕೆ ಒಂದು ಗಂಟೆ ಬಳಸಿದರೆ ಸೆಲ್ ಸುಮಾರು 3 ವರ್ಷ ಬರುತ್ತದೆ ಅಂತ ಕೈಪಿಡಿಯಲ್ಲೇ ಇದೆ.

ಪ್ಯಾನೆಲ್ ನಿಜವಾಗಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕಾದರೆ ಸೆಲ್ ಇಲ್ಲದ, ಬರೀ ಬೆಳಕಿನಲ್ಲೇ ಓಡುವ ಸಾದಾ ಕ್ಯಾಲ್ಕುಲೇಟರ್ ಹಿಡಿದುಕೊಳ್ಳಿ. ಪ್ಯಾನೆಲ್ಲನ್ನು ಓರೆಯಾಗಿ ಹಿಡಿದು ನೋಡಿದರೆ ಕಂದು ಬಣ್ಣದ ಪಟ್ಟಿಯಲ್ಲಿ ತೆಳ್ಳನೆಯ ಗೆರೆಗಳು ಕಾಣುತ್ತವೆ, ಸಾಮಾನ್ಯವಾಗಿ ಪಟ್ಟಿ ನಾಲ್ಕು ಭಾಗವಾಗಿರುತ್ತದೆ. ಅವು ನಾಲ್ಕು ಬೇರೆ ಬೇರೆ ಸೋಲಾರ್ ಸೆಲ್‌ಗಳು, ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದವು. ಕೋಣೆಯ ಬೆಳಕಿನಲ್ಲಿ ಒಂದೊಂದು ಸೆಲ್ ಅರ್ಧ ವೋಲ್ಟ್ ಆಸುಪಾಸು ಕೊಡುತ್ತದೆ, ನಾಲ್ಕು ಸೇರಿದರೆ ಚಿಪ್ಪಿಗೆ ಬೇಕಾದ ಒಂದೂವರೆ ವೋಲ್ಟ್ ಧಾರಾಳವಾಗಿ ಸಿಗುತ್ತದೆ. ಈಗ ಒಂದೇ ಒಂದು ಭಾಗವನ್ನು ಬೆರಳಿನಿಂದ ಪೂರ್ತಿ ಮುಚ್ಚಿ. ಮುಕ್ಕಾಲು ಪ್ಯಾನೆಲ್ ತೆರೆದೇ ಇದೆ, ಆದರೂ ಅಂಕಿಗಳು ಮಸುಕಾಗಿ ಮಾಯವಾಗುತ್ತವೆ. ಸರಣಿಯಲ್ಲಿ ಒಂದು ಸೆಲ್ ಕೈಕೊಟ್ಟರೆ ಕರೆಂಟು ಅಲ್ಲೇ ನಿಂತಿತು. ಬೆರಳನ್ನು ಉದ್ದಕ್ಕೆ ಇಟ್ಟು ನಾಲ್ಕೂ ಭಾಗಗಳನ್ನು ಅರ್ಧರ್ಧ ಮುಚ್ಚಿದರೆ ಮಾತ್ರ ಒಳ್ಳೆ ಬೆಳಕಿದ್ದಾಗ ಅದು ಆರಾಮಾಗಿ ನಡೆಯುತ್ತಲೇ ಇರುತ್ತದೆ. ಮಾಡಿ ನೋಡಿ, ಕ್ಲಾಸಿನ ಸರ್ಕ್ಯೂಟ್ ಪಾಠ ಒಂದು ನಿಮಿಷದಲ್ಲಿ ತಲೆಗೆ ಹತ್ತುತ್ತದೆ.

ಇಂಥ ಹಳೇ ಕ್ಯಾಲ್ಕುಲೇಟರ್‌ಗಳನ್ನು ಬಿಚ್ಚಿದರೆ ಇನ್ನೊಂದು ವಿಶೇಷ ಸಿಗುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಯಾರಿಗೂ ಕಾಣದ ಹಾಗೆ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಬೆಳಕು ಕೊಡುವುದಕ್ಕಲ್ಲ. ಬಿಸಿಲಿಗೆ ಹಿಡಿದಾಗ ಪ್ಯಾನೆಲ್ ಜಾಸ್ತಿ ವೋಲ್ಟ್ ಕೊಟ್ಟರೆ ಆ ಎಲ್‌ಇಡಿ ತಾನು ಹೊತ್ತಿಕೊಂಡು ಮಿಕ್ಕಿದ್ದನ್ನು ನುಂಗುತ್ತದೆ, ಚಿಪ್ ಉಳಿಯುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಸರಳವಾದ ಕಾವಲು ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಪ್ರಶ್ನೆ: ನಾನು ಲಾಗ್ ಟೇಬಲ್ ಮತ್ತು ಸ್ಲೈಡ್ ರೂಲ್ (ಪಟ್ಟಿ ಜಾರಿಸಿ ಲೆಕ್ಕ ಮಾಡುವ ಸಾಧನ) ಕಾಲದವನು. ನಮ್ಮ ಕಣ್ಣ ಮುಂದೆಯೇ ಅವೆಲ್ಲ ಮಾಯವಾಗಿ ಈ ಸೋಲಾರ್ ಯಂತ್ರಗಳು ಬಂದವು. ಇದು ಹೇಗೆ ಹಂತ ಹಂತವಾಗಿ ಆಯಿತು? ಸೋಲಾರ್ ಯೋಚನೆ ಯಾರದ್ದು?
(ತುಮಕೂರು, ನಿವೃತ್ತ ಪಿಯು ಉಪನ್ಯಾಸಕರು)

ಸರ್, ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಜೇಬಿಗೆ ಹಿಡಿಯುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ಅಂದರೆ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-35. ಬಂದದ್ದು 1972ರಲ್ಲಿ. ತನ್ನ ಶರ್ಟಿನ ಜೇಬಿನಲ್ಲಿ ಹಿಡಿಯುವಂಥದ್ದು ಬೇಕು ಅಂತ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ಹ್ಯೂಲೆಟ್ ಪಟ್ಟು ಹಿಡಿದರು. 35 ಬಟನ್ ಇದ್ದದ್ದಕ್ಕೆ ಆ ಹೆಸರು. ಬೆಲೆ 395 ಡಾಲರ್, ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲವೇ ಅಲ್ಲ. ಆದರೂ ಜನ ಮುಗಿಬಿದ್ದು ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ದೊಡ್ಡ ಕಂಪನಿಗಳು ಸ್ಲೈಡ್ ರೂಲ್ ಮಾಡುವುದನ್ನೇ ನಿಲ್ಲಿಸಿದವು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 25 ಡಾಲರ್‌ಗೂ ಐದು ಸೆಂಟ್ ಕಡಿಮೆಗೆ ಟಿಐ-30 ಕೊಟ್ಟ ಮೇಲಂತೂ ಸೈನ್, ಕಾಸ್, ಲಾಗ್ ಎಲ್ಲ ಸಾಮಾನ್ಯ ವಿದ್ಯಾರ್ಥಿಯ ಕೈಗೂ ಬಂದವು.

ಆದರೆ ಈ ಎರಡೂ ಯಂತ್ರಗಳಿಗೆ ಒಂದು ದೊಡ್ಡ ಹಸಿವಿತ್ತು. ಅಂಕಿಗಳು ಕೆಂಪು ಎಲ್‌ಇಡಿಯಲ್ಲಿ ಉರಿಯುತ್ತಿದ್ದವು. ನೋಡಲು ಚೆಂದ, ಆದರೆ ಬ್ಯಾಟರಿ ಬಹಳ ಬೇಗ ಖಾಲಿ. ಎಚ್‌ಪಿ-35ಗೆ ಕೆಲವು ಗಂಟೆ ಕಳೆದರೆ ಚಾರ್ಜ್ ಹಾಕಬೇಕಿತ್ತು. ಹೀಗೆ ಕರೆಂಟು ತಿನ್ನುವ ಯಂತ್ರವನ್ನು ಬೆರಳಗಲದ ಸೋಲಾರ್ ಪಟ್ಟಿಯಿಂದ ಓಡಿಸುವ ಮಾತೇ ಇರಲಿಲ್ಲ. ಆದ್ದರಿಂದ ಸೋಲಾರ್ ಕ್ಯಾಲ್ಕುಲೇಟರ್‌ನ ನಿಜವಾದ ಕಥೆ ಸೋಲಾರ್ ಸೆಲ್ಲಿನಿಂದ ಶುರುವಾಗುವುದಿಲ್ಲ. ಯಂತ್ರದ ಹಸಿವು ಇಳಿಸುವುದರಿಂದ ಶುರುವಾಗುತ್ತದೆ.

ಆ ಕೆಲಸ ಮುಖ್ಯವಾಗಿ ಜಪಾನಿನಲ್ಲಿ ಆಯಿತು. 1973ರಲ್ಲಿ ಶಾರ್ಪ್ ಕಂಪನಿ ಇಎಲ್-805 ಅನ್ನುವ ಕ್ಯಾಲ್ಕುಲೇಟರ್ ತಂದಿತು. ಅದರಲ್ಲಿ ಎಲ್‌ಇಡಿ ಬದಲು ಲಿಕ್ವಿಡ್ ಕ್ರಿಸ್ಟಲ್ ಡಿಸ್‌ಪ್ಲೇ, ಅಂದರೆ ನಾವೀಗ ಎಲ್‌ಸಿಡಿ ಅನ್ನುವುದು. ಇದು ತಾನು ಬೆಳಗುವುದಿಲ್ಲ, ಹೊರಗಿನ ಬೆಳಕನ್ನು ತಡೆದು ಕಪ್ಪು ಅಂಕಿ ತೋರಿಸುತ್ತದೆ ಅಷ್ಟೇ. ಚಿಪ್ಪು ಸಿಮಾಸ್ ಜಾತಿಯದ್ದು, ಸ್ಥಿತಿ ಬದಲಾಯಿಸುವಾಗ ಮಾತ್ರ ಕರೆಂಟು ಬಳಸುತ್ತದೆ, ಸುಮ್ಮನಿದ್ದಾಗ ಹೆಚ್ಚುಕಡಿಮೆ ಉಪವಾಸ. ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ಅದು 100 ಗಂಟೆ ಓಡಿತು. ಸೋಲಾರ್‌ಗೆ ಬಾಗಿಲು ತೆರೆದದ್ದು ಇಲ್ಲಿ. ಮೂರೇ ವರ್ಷಕ್ಕೆ, 1976ರಲ್ಲಿ, ಅದೇ ಶಾರ್ಪ್ ಸೋಲಾರ್ ಸೆಲ್ ಇರುವ ಇಎಲ್-8026 ಮಾರುಕಟ್ಟೆಗೆ ಬಿಟ್ಟಿತು.

ಆಗಿನ ಸೋಲಾರ್ ಸೆಲ್‌ಗಳು ಸ್ಫಟಿಕ ಸಿಲಿಕಾನಿನವು, ಉಪಗ್ರಹಗಳಿಗೆ ಹಾಕುತ್ತಿದ್ದ ಜಾತಿ. ದುಬಾರಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸ್ಫಟಿಕ ಸಿಲಿಕಾನ್ ಚೆನ್ನಾಗಿ ಹೀರುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು. ಬಿಸಿಲಿನಲ್ಲಿ ಅದು ಬೇಕಾದಷ್ಟಿದೆ. ಆದರೆ ಆಫೀಸಿನ ಟ್ಯೂಬ್‌ಲೈಟಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಲೆಕ್ಕ ಮಾಡುವವರು ಕೂರುವುದು ಎಲ್ಲಿ ಹೇಳಿ? ಟ್ಯೂಬ್‌ಲೈಟಿನ ಕೆಳಗೇ ತಾನೆ!

ಈ ಗಂಟನ್ನು ಬಿಡಿಸಿದ್ದು ಅಮಾರ್ಫಸ್ ಸಿಲಿಕಾನ್, ಅಂದರೆ ಪರಮಾಣುಗಳು ಸ್ಫಟಿಕದ ಶಿಸ್ತಿನಲ್ಲಿ ನಿಲ್ಲದೆ ಅಡ್ಡಾದಿಡ್ಡಿ ಇರುವ ಸಿಲಿಕಾನ್. 1970ರ ದಶಕದ ನಡುವೆ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸ್ಪಿಯರ್ ಮತ್ತು ಲೆಕಾಂಬರ್ ಇದಕ್ಕೆ ಬೇರೆ ಧಾತುವನ್ನು ಚೂರೇ ಚೂರು ಬೆರೆಸಿ ಕರೆಂಟು ಹರಿಯುವ ಗುಣವನ್ನು ಹದಮಾಡುವುದು ತೋರಿಸಿದರು. ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ ಕಾರ್ಲ್‌ಸನ್ ಮತ್ತು ವ್ರಾನ್‌ಸ್ಕಿ ಅದರಿಂದ ಸೋಲಾರ್ ಸೆಲ್ ಮಾಡಿದರು. ಇದು ಕಣ್ಣಿಗೆ ಕಾಣುವ ಬೆಳಕನ್ನೇ ಚೆನ್ನಾಗಿ ಹೀರುತ್ತದೆ. ಗಾಜಿನ ಮೇಲೆ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳುವಾಗಿ ಕೂರಿಸಿದರೂ ಸಾಕು. ಜಪಾನಿನ ಸ್ಯಾನ್ಯೊ ಕಂಪನಿಯಲ್ಲಿ ಯುಕಿನೋರಿ ಕುವಾನೊ ಅವರ ತಂಡ ಒಂದೇ ಗಾಜಿನ ಮೇಲೆ ಸೆಲ್‌ಗಳನ್ನು ಭಾಗ ಮಾಡಿ ಅಲ್ಲೇ ಸರಣಿಯಲ್ಲಿ ಜೋಡಿಸುವ ವಿಧಾನ ತಂದಿತು. ಹುಬ್ಬಳ್ಳಿಯ ಓದುಗರಿಗೆ ಹೇಳಿದ ಆ ತೆಳ್ಳನೆಯ ಗೆರೆಗಳು ಇದರದ್ದೇ. ತಂತಿ ಬೆಸೆಯುವ ಕೆಲಸವೇ ಇಲ್ಲ. 1980ರಲ್ಲಿ ಸ್ಯಾನ್ಯೊ ಇವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿತು, ಮೊದಲು ಹೋದದ್ದು ಕ್ಯಾಲ್ಕುಲೇಟರ್‌ಗಳಿಗೆ.

ಮುಂದಿನದ್ದು ಬೇಗ ಬೇಗ ಆಯಿತು. 1983ರಲ್ಲಿ ಕ್ಯಾಸಿಯೊ ಕಂಪನಿ ಎಸ್‌ಎಲ್-800 ಅನ್ನುವ ಸೋಲಾರ್ ಕ್ಯಾಲ್ಕುಲೇಟರ್ ತಂದಿತು, ದಪ್ಪ ಬರೀ 0.8 ಮಿಲಿಮೀಟರ್. ಇದೇ ಕಂಪನಿ 1957ರಲ್ಲಿ ಮಾಡಿದ ಮೊದಲ ವಿದ್ಯುತ್ ಲೆಕ್ಕಯಂತ್ರ, 14-ಎ, 140 ಕಿಲೊ ತೂಗುತ್ತಿತ್ತು! ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳಿಗೂ ಸೋಲಾರ್ ಪಟ್ಟಿ ಬಂದದ್ದು ಈ 1980ರ ದಶಕದಲ್ಲೇ.

ಒಂದು ಲೆಕ್ಕ ಕೊಡುತ್ತೇನೆ. ಸಾಧಾರಣ ಓದುವ ಕೋಣೆಯ ಬೆಳಕಿನಲ್ಲಿ ಅಮಾರ್ಫಸ್ ಸೆಲ್ ಒಂದು ಚದರ ಸೆಂಟಿಮೀಟರಿಗೆ ಸುಮಾರು 4-5 ಮೈಕ್ರೊವಾಟ್ (ವಾಟಿನ ಹತ್ತು ಲಕ್ಷದ ಒಂದು ಭಾಗ ಒಂದು ಮೈಕ್ರೊವಾಟ್) ಕೊಡುತ್ತದೆ. ಪಟ್ಟಿ 5 ಚದರ ಸೆಂಟಿಮೀಟರ್ ಇದ್ದರೆ 20 ಮೈಕ್ರೊವಾಟ್ ಸಿಕ್ಕಿತು. ಮನೆಯ 9 ವಾಟ್ ಬಲ್ಬಿಗೆ ಹೋಗುವ ಕರೆಂಟಿನಲ್ಲಿ ಇಂಥವು ನಾಲ್ಕೂವರೆ ಲಕ್ಷ ಓಡಬಹುದು. ಇಷ್ಟು ಕಡಿಮೆಯಲ್ಲಿ ಸಂಸಾರ ತೂಗಿಸಿದ ಆ ಇಂಜಿನಿಯರುಗಳ ಬಗ್ಗೆ ನನಗೆ ಬಹಳ ಗೌರವ.

ಪ್ರಶ್ನೆ: ಸೈನ್ 52 ಡಿಗ್ರಿ ಅಂತ ಒತ್ತಿದ ಕೂಡಲೇ ಉತ್ತರ ಬರುತ್ತೆ. ಒಳಗೆ ಟೇಬಲ್ ತುಂಬಿಟ್ಟಿರ್ತಾರಾ? ಅಥವಾ ಮಾಧವನ ಸರಣಿ, ಟೇಲರ್ ಸರಣಿ ಅಂತಾರಲ್ಲ, ಅದನ್ನು ಹಾಕಿ ಲೆಕ್ಕ ಮಾಡುತ್ತಾ?
(ಮೈಸೂರು, ದ್ವಿತೀಯ ಪಿಯುಸಿ ವಿದ್ಯಾರ್ಥಿ)

ಒಳ್ಳೆ ಪ್ರಶ್ನೆ. ಎರಡೂ ಅಲ್ಲ. ಪೂರ್ತಿ ಟೇಬಲ್ ಇಡುವಷ್ಟು ಜಾಗ ಆಗಿನ ಚಿಪ್ಪುಗಳಲ್ಲಿ ಇರಲಿಲ್ಲ. ಎಚ್‌ಪಿ-35ರ ಎಲ್ಲ ಬುದ್ಧಿಯೂ 768 ಆದೇಶಗಳಲ್ಲಿ ಮುಗಿಯಬೇಕಿತ್ತು, ಸೈನ್, ಕಾಸ್, ಲಾಗ್ ಎಲ್ಲ ಸೇರಿ. ಇನ್ನು ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವ 14ನೇ ಶತಮಾನದಲ್ಲಿ ಕಂಡುಕೊಂಡ ಸರಣಿಗಳು, ಅಂದರೆ ಪದಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುವ ಲೆಕ್ಕಗಳು, ಅದ್ಭುತವೇ, ಆದರೆ ಅವಕ್ಕೆ ಗುಣಾಕಾರದ ಮೇಲೆ ಗುಣಾಕಾರ ಬೇಕು. ಜೇಬಿನ ಚಿಪ್ಪಿಗೆ ನಿಜವಾಗಿ ಬರುವುದು ಕೂಡುವುದು, ಕಳೆಯುವುದು, ಅಂಕಿಗಳನ್ನು ಪಕ್ಕಕ್ಕೆ ಸರಿಸುವುದು. ಅಷ್ಟೇ.

ಅಷ್ಟರಲ್ಲೇ ಸೈನ್ ತೆಗೆಯುವ ಉಪಾಯ ಕಂಡುಹಿಡಿದವರು ಜ್ಯಾಕ್ ವೋಲ್ಡರ್. ಅಮೆರಿಕದ ಬಿ-58 ಬಾಂಬರ್ ವಿಮಾನದ ದಾರಿ ಲೆಕ್ಕಕ್ಕಾಗಿ ಅವರು ಮಾಡಿದ್ದು, 1959ರಲ್ಲಿ ಪ್ರಕಟವಾಯಿತು. ಹೆಸರು ಕಾರ್ಡಿಕ್. ಎಚ್‌ಪಿ-35ರಲ್ಲಿ ಡೇವಿಡ್ ಕೊಕ್ರನ್ ಇದೇ ಜಾತಿಯ ವಿಧಾನವನ್ನು ಹತ್ತರ ಲೆಕ್ಕಕ್ಕೆ ಒಗ್ಗಿಸಿದರು.

ನಿಮ್ಮ 52 ಡಿಗ್ರಿಯನ್ನೇ ತೆಗೆದುಕೊಳ್ಳೋಣ. ಚಿಪ್ಪಿನಲ್ಲಿ ಕೆಲವೇ ಕೋನಗಳನ್ನು ಬರೆದಿಟ್ಟಿರುತ್ತಾರೆ. ಟ್ಯಾನ್ 1 ಆಗುವ ಕೋನ 45 ಡಿಗ್ರಿ. ಟ್ಯಾನ್ 0.1 ಆಗುವ ಕೋನ 5.7106. ಟ್ಯಾನ್ 0.01 ಆಗುವ ಕೋನ 0.5729. ಟ್ಯಾನ್ 0.001 ಆಗುವುದು 0.0573. ಹೀಗೆ ಮುಂದೆ. ಈಗ 52ರಲ್ಲಿ 45 ಒಂದು ಸಲ ಕಳೆಯಿರಿ, 7 ಉಳಿಯಿತು. ಅದರಲ್ಲಿ 5.7106 ಒಂದು ಸಲ ಹೋಗುತ್ತದೆ, 1.2894 ಉಳಿಯಿತು. 0.5729 ಎರಡು ಸಲ ಹೋಯಿತು, ಉಳಿದದ್ದು 0.1435. ಅದರಲ್ಲಿ 0.0573 ಎರಡು ಸಲ. ಹೀಗೆ ಸವೆಸುತ್ತಾ ಹೋದರೆ ಉಳಿಕೆ ಸೊನ್ನೆಯ ಹತ್ತಿರ ಬರುತ್ತದೆ.

ಇನ್ನೊಂದು ಕಡೆ, ಎಕ್ಸ್ ಅಕ್ಷದ ಮೇಲೆ ಒಂದು ಗೆರೆ ಎಳೆದಿದ್ದೀರಿ ಅಂದುಕೊಳ್ಳಿ. ಎಕ್ಸ್ 1, ವೈ 0. ಪ್ರತಿ ಸಲ ಒಂದು ಕೋನ ಕಳೆದಾಗಲೂ ಗೆರೆಯನ್ನು ಅಷ್ಟೇ ಕೋನ ತಿರುಗಿಸಬೇಕು. ಟ್ಯಾನ್ 0.1ರ ಕೋನ ತಿರುಗಿಸಲು ಮಾಡಬೇಕಾದ್ದು ಇಷ್ಟೇ: ಎಕ್ಸ್‌ನಿಂದ ವೈಯ ಹತ್ತನೇ ಒಂದು ಭಾಗ ಕಳೆ, ವೈಗೆ ಎಕ್ಸ್‌ನ ಹತ್ತನೇ ಒಂದು ಭಾಗ ಕೂಡಿಸು. ಹತ್ತರಿಂದ ಭಾಗಿಸುವುದು ಅಂದರೆ ಅಂಕಿಗಳನ್ನು ಒಂದು ಮನೆ ಪಕ್ಕಕ್ಕೆ ಸರಿಸುವುದು. ಗುಣಾಕಾರದ ಗೋಜೇ ಇಲ್ಲ! ತಿರುಗಿಸಿದಂತೆ ಗೆರೆಯ ಉದ್ದ ಸ್ವಲ್ಪ ಬೆಳೆಯುತ್ತದೆ, ಆದರೆ ಕೊನೆಯಲ್ಲಿ ವೈಯನ್ನು ಎಕ್ಸ್‌ನಿಂದ ಭಾಗಿಸಿದರೆ ಉದ್ದದ ಗೊಡವೆ ಬಿಟ್ಟು ಟ್ಯಾನ್ ಸಿಗುತ್ತದೆ. ಟ್ಯಾನ್ ಸಿಕ್ಕ ಮೇಲೆ ಸೈನ್, ಕಾಸ್ ತೆಗೆಯುವುದು ನಿಮಗೇ ಗೊತ್ತು. ಒಂದು ಹಾಳೆ ತೆಗೆದುಕೊಂಡು ಕೈಯಲ್ಲೇ ನಾಲ್ಕು ಹಂತ ಮಾಡಿ ನೋಡಿ, 1.2799ರ ಹತ್ತಿರ ಬರುತ್ತೀರಿ.

ಇಷ್ಟು ಬುದ್ಧಿವಂತಿಕೆಯಿಂದ ಮಾಡಿದ್ದರಲ್ಲೂ ಒಂದು ತಪ್ಪು ನುಸುಳಿತ್ತು. ಮೊದಲು ಮಾರಾಟವಾದ ಎಚ್‌ಪಿ-35ರಲ್ಲಿ 2.02ರ ನ್ಯಾಚುರಲ್ ಲಾಗ್ ತೆಗೆದು, ಇ ಅನ್ನುವ ಸಂಖ್ಯೆಯನ್ನು ಆ ಉತ್ತರದ ಘಾತಕ್ಕೆ ಏರಿಸಿದರೆ 2.02 ಬರದೆ 2 ಬರುತ್ತಿತ್ತು. ಬದಲಾಯಿಸಿಕೊಡುತ್ತೇವೆ ಅಂತ ಕಂಪನಿಯೇ ಕೊಂಡವರಿಗೆ ತಿಳಿಸಿತು.

ಪ್ರಶ್ನೆ: ಮೊಬೈಲ್ ಇಷ್ಟು ಫಾಸ್ಟ್ ಇರುವಾಗ ಕ್ಯಾಲ್ಕುಲೇಟರ್ ಇಂಟಿಗ್ರೇಷನ್‌ಗೆ ಯಾಕೆ ಅಷ್ಟು ಹೊತ್ತು ತಗೊಳ್ಳುತ್ತೆ? ಹಾಗೇ 69 ಫ್ಯಾಕ್ಟೋರಿಯಲ್ ಬರುತ್ತೆ, 70 ಒತ್ತಿದರೆ ಮ್ಯಾಥ್ ಎರರ್. ಯಾಕೆ?
(ಬೆಳಗಾವಿ, ಇಂಜಿನಿಯರಿಂಗ್ ವಿದ್ಯಾರ್ಥಿ)

ಎರಡನೆಯದಕ್ಕೆ ಮೊದಲು ಉತ್ತರ. 69 ಫ್ಯಾಕ್ಟೋರಿಯಲ್, ಅಂದರೆ 1ರಿಂದ 69ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ, 1.711224524 ಗುಣಿಸು 10ರ ಘಾತ 98. 70ಕ್ಕೆ ಹೋದರೆ ಘಾತ 100 ಆಗುತ್ತದೆ. ಘಾತಕ್ಕೆ ಇಟ್ಟಿರುವುದು ಎರಡೇ ಮನೆ, 99ಕ್ಕೆ ಮುಗಿಯಿತು. ಮುಖ್ಯ ಅಂಕಿಗೆ ಹತ್ತು ಮನೆ, ಘಾತಕ್ಕೆ ಎರಡು, ಈ ಏರ್ಪಾಡು 1972ರ ಎಚ್‌ಪಿ-35ರಲ್ಲೇ ಇತ್ತು. ಇವತ್ತಿಗೂ ಅದೇ ನಡೆದಿದೆ.

ತೋರಿಸುವುದು ಹತ್ತು ಅಂಕಿ, ಆದರೆ ಕ್ಯಾಸಿಯೊ ಕ್ಯಾಲ್ಕುಲೇಟರ್ ಒಳಗೆ 15 ಅಂಕಿವರೆಗೆ ಲೆಕ್ಕ ಇಟ್ಟುಕೊಳ್ಳುತ್ತದೆ. ನಿಮ್ಮದು ಕ್ಯಾಸಿಯೊದ 991ಎಂಎಸ್ ಮಾಡೆಲ್ ಆಗಿದ್ದರೆ 1ನ್ನು 3ರಿಂದ ಭಾಗಿಸಿ, ಬಂದ ಉತ್ತರವನ್ನು ಹಾಗೇ 3ರಿಂದ ಗುಣಿಸಿ. 1 ಬರುತ್ತದೆ. ಈಗ ಪರದೆಯಲ್ಲಿ ಕಂಡ 0.3333333333 ಅನ್ನು ನೀವೇ ಟೈಪ್ ಮಾಡಿ 3ರಿಂದ ಗುಣಿಸಿ. 0.9999999999. ಬಚ್ಚಿಟ್ಟ ಆ ಅಂಕಿಗಳ ಕೆಲಸ ಇದು. ಅದಕ್ಕೇ ಹೇಳುವುದು, ನಡುವಿನ ಉತ್ತರಗಳನ್ನು ಕಾಗದದಲ್ಲಿ ಬರೆದು ಮತ್ತೆ ಒತ್ತಬೇಡಿ, ಆನ್ಸರ್ ಬಟನ್ ಅಥವಾ ಮೆಮೊರಿ ಬಳಸಿ.

ಇನ್ನು ವೇಗ. ಸಿಮಾಸ್ ಚಿಪ್ಪು ಕರೆಂಟು ತಿನ್ನುವುದು ಸ್ಥಿತಿ ಬದಲಾಯಿಸುವಾಗ ಅಂದೆನಲ್ಲ. ಸೆಕೆಂಡಿಗೆ ಜಾಸ್ತಿ ಸಲ ಬದಲಾಯಿಸಿದರೆ ಜಾಸ್ತಿ ತಿನ್ನುತ್ತದೆ. ಮೊಬೈಲಿನ ಚಿಪ್ಪು ಜೋರಾಗಿ ಓಡುತ್ತದೆ, ಸಂಜೆಗೆ ಚಾರ್ಜಿಗೆ ಹಾಕುತ್ತೀರಿ. ಕ್ಯಾಲ್ಕುಲೇಟರ್ ಬೇಕೆಂತಲೇ ನಿಧಾನ, ವರ್ಷಗಟ್ಟಲೆ ಒಂದೇ ಬಟನ್ ಸೆಲ್. ಸೈನ್, ಲಾಗ್‌ಗೆ ಈ ನಿಧಾನ ನಿಮ್ಮ ಗಮನಕ್ಕೆ ಬರಲ್ಲ. ಇಂಟಿಗ್ರೇಷನ್‌ನಲ್ಲಿ ಮಾತ್ರ ಒಂದೇ ಫಂಕ್ಷನ್ನನ್ನು ಎಷ್ಟೋ ಬಿಂದುಗಳಲ್ಲಿ ಮತ್ತೆ ಮತ್ತೆ ಲೆಕ್ಕ ಮಾಡಬೇಕು, ಆಗ ಕಾಣುತ್ತದೆ. ಎಂಎಸ್ ಮಾಡೆಲ್‌ಗಳು ನಿಮ್ಮ ಪಠ್ಯದಲ್ಲಿರುವ ಸಿಂಪ್ಸನ್ ನಿಯಮವನ್ನೇ ಬಳಸುತ್ತವೆ. ಇಎಸ್ ಮಾಡೆಲ್‌ಗಳು ಗೌಸ್-ಕ್ರಾನ್‌ರಾಡ್ ಅನ್ನುವ ಬೇರೆ ವಿಧಾನ. ಸಾಲ್ವ್ ಬಟನ್ನಿನ ಹಿಂದೆ ಇರುವುದು ನ್ಯೂಟನ್ ವಿಧಾನ, ಆದ್ದರಿಂದಲೇ ಅದು ಶುರುವಿಗೆ ಒಂದು ಅಂದಾಜು ಬೆಲೆ ಕೇಳುತ್ತದೆ. ಅಂದಾಜು ಬದಲಾದರೆ ಬೇರೆ ಮೂಲವೇ ಸಿಗಬಹುದು. ಟ್ರಿಗ್ನಾಮೆಟ್ರಿ ಇರುವ ಇಂಟಿಗ್ರೇಷನ್ ಮಾಡುವಾಗ ಕೋನದ ಅಳತೆಯನ್ನು ಡಿಗ್ರಿಯಿಂದ ರೇಡಿಯನ್‌ಗೆ ಹಾಕಲು ಮರೆಯಬೇಡಿ.

ಪ್ರಶ್ನೆ: 6÷2(1+2) ಒತ್ತಿದರೆ ನನ್ನ ಕ್ಯಾಲ್ಕುಲೇಟರ್ 1 ಅನ್ನುತ್ತೆ, ಮಗಳ ಮೊಬೈಲ್ 9 ಅನ್ನುತ್ತೆ. ಮಕ್ಕಳು ಕೇಳಿದರೆ ಏನು ಹೇಳಲಿ?
(ಶಿವಮೊಗ್ಗ, ಪ್ರೌಢಶಾಲಾ ಗಣಿತ ಶಿಕ್ಷಕಿ)

ಎರಡೂ ಕೆಟ್ಟಿಲ್ಲ ಮೇಡಂ. 2(1+2)ರಲ್ಲಿ ಗುಣಾಕಾರದ ಗುರುತು ಬರೆದಿಲ್ಲ. ಹೀಗೆ ಅಂಟಿಕೊಂಡಿರುವ ಗುಣಾಕಾರವನ್ನು ಭಾಗಾಕಾರಕ್ಕಿಂತ ಮೊದಲು ಮಾಡಬೇಕು ಅಂತ ಒಂದು ಪಂಥ, ಎಡದಿಂದ ಬಲಕ್ಕೆ ಸಮನಾಗಿ ಹೋಗಬೇಕು ಅಂತ ಇನ್ನೊಂದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-82 ಒಂದು ನಿಯಮದಲ್ಲಿ, ಅದರ ನಂತರದ ಟಿಐ-83 ಇನ್ನೊಂದು ನಿಯಮದಲ್ಲಿ ನಡೆಯುತ್ತದೆ ಅಂದರೆ ನೋಡಿ. ಕ್ಯಾಸಿಯೊದ 991ಇಎಕ್ಸ್ ಇದಕ್ಕೆ ಒಂದು ಸಭ್ಯ ದಾರಿ ಹುಡುಕಿದೆ. ಸಮ ಗುರುತು ಒತ್ತಿದ ಕೂಡಲೇ ತಾನೇ ಇನ್ನೊಂದು ಆವರಣ ಹಾಕಿ 6÷(2(1+2)) ಅಂತ ತೋರಿಸುತ್ತದೆ, ಆಮೇಲೆ 1 ಅನ್ನುತ್ತದೆ. ತಾನು ಹೇಗೆ ಓದಿಕೊಂಡೆ ಅಂತ ಹೇಳಿಬಿಡುತ್ತದೆ. ಮಕ್ಕಳಿಗೆ ನಾನಾದರೆ ಹೇಳುವುದು: ಅನುಮಾನ ಬರುವ ಹಾಗೆ ಬರೆಯಬೇಡಿ, ಆವರಣ ಹಾಕಿ. ಈ ಲೆಕ್ಕವನ್ನು ಒಗಟಿನ ಹಾಗೆ ಹಂಚುವವರು ಗಣಿತಕ್ಕೆ ಉಪಕಾರ ಮಾಡುತ್ತಿಲ್ಲ.

ಇದರಲ್ಲೂ ಒಂದು ಹಳೇ ಬದಲಾವಣೆ ಇದೆ. ಮೊದಲಿನ ಕ್ಯಾಲ್ಕುಲೇಟರ್‌ಗಳಲ್ಲಿ 30 ಒತ್ತಿ ಆಮೇಲೆ ಸೈನ್ ಒತ್ತಬೇಕಿತ್ತು. ಬರೆಯುವ ಕ್ರಮದಲ್ಲೇ ಒತ್ತುವುದು ನಂತರ ಬಂತು. 2000ದ ದಶಕದ ನಡುವೆ ಬಂದ ಇಎಸ್ ಸರಣಿಯಲ್ಲಿ ಭಿನ್ನರಾಶಿ, ವರ್ಗಮೂಲ ಎಲ್ಲವೂ ಪುಸ್ತಕದಲ್ಲಿ ಕಾಣುವ ಹಾಗೇ ಪರದೆಯಲ್ಲಿ ಕಂಡವು. ಅದಕ್ಕೆ ಬಳಸಿದ್ದು 96 ಅಡ್ಡ, 31 ಉದ್ದ ಚುಕ್ಕೆಗಳ ಪರದೆ. 991ಇಎಕ್ಸ್‌ನಲ್ಲಿ ಅದು 192 ಮತ್ತು 63 ಆಯಿತು. ತಪ್ಪು ಒತ್ತಿದ್ದು ಕಣ್ಣಿಗೆ ಕಾಣುತ್ತದೆ, ಬಾಣದ ಬಟನ್ನಿನಿಂದ ಹಿಂದೆ ಹೋಗಿ ತಿದ್ದಬಹುದು. ಈ ಇಡೀ ಕಥೆಯಲ್ಲಿ ವಿದ್ಯಾರ್ಥಿಗೆ ಅತಿ ಹೆಚ್ಚು ಉಪಯೋಗವಾದ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಸರ್ವೆ ಪ್ರಾಕ್ಟಿಕಲ್‌ಗೆ ಮೈದಾನಕ್ಕೆ ಹೋಗಿದ್ವಿ. ಬಿಸಿಲಲ್ಲಿ ಇಟ್ಟ ಕ್ಯಾಲ್ಕುಲೇಟರಿನ ಪರದೆ ಪೂರ್ತಿ ಕಪ್ಪಾಯ್ತು. ಸೋಲಾರ್ ಅಂತಾರೆ, ಬಿಸಿಲಿಗೇ ಕೆಡುತ್ತಾ?
(ಕಲಬುರಗಿ, ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ)

ಗಾಬರಿ ಬೇಡ. ನೆರಳಿಗೆ ತಂದು ತಣ್ಣಗಾದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪರದೆಯೊಳಗಿನ ಲಿಕ್ವಿಡ್ ಕ್ರಿಸ್ಟಲ್‌ನ ಅಣುಗಳು ಒಂದು ಕ್ರಮದಲ್ಲಿ ತಿರುಚಿಕೊಂಡು ನಿಂತಿರುತ್ತವೆ, ಆ ತಿರುಚಿನಿಂದಲೇ ಬೆಳಕು ಎರಡು ಪೋಲರಾಯ್ಡ್ ಹಾಳೆಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಗಳು) ದಾಟಿ ಬರುವುದು. ತುಂಬಾ ಬಿಸಿಯಾದರೆ ಆ ಕ್ರಮ ಕರಗಿ ಅದು ಬರೀ ದ್ರವವಾಗುತ್ತದೆ. ಬೆಳಕು ದಾಟುವುದಿಲ್ಲ, ಇಡೀ ಪರದೆ ಕಪ್ಪು. ಕ್ಯಾಸಿಯೊ ಕೈಪಿಡಿಗಳಲ್ಲಿ ಬಳಸಬಹುದಾದ ಉಷ್ಣತೆ 0ರಿಂದ 40 ಡಿಗ್ರಿ ಅಂತ ಇರುತ್ತದೆ. ನಿಮ್ಮ ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ ಅದು ದಾಟುತ್ತದೆ, ಇನ್ನು ಬಿಸಿಲಿಗೆ ಕಾದ ಕಪ್ಪು ಪ್ಲಾಸ್ಟಿಕ್ ಕೇಳಬೇಕಾ.

ಅಮಾರ್ಫಸ್ ಸಿಲಿಕಾನಿಗೂ ಬಲವಾದ ಬಿಸಿಲು ಅಷ್ಟು ಹಿತವಲ್ಲ. ಬಿಸಿಲಿಗೆ ಬಿದ್ದಂತೆ ಅದರ ಶಕ್ತಿ ಸ್ವಲ್ಪ ಕುಗ್ಗುತ್ತದೆ ಅಂತ 1977ರಲ್ಲೇ ಗೊತ್ತಾಗಿತ್ತು. ಮನೆಯ ಛಾವಣಿಯ ಮೇಲೆ ಈ ಜಾತಿ ಗೆಲ್ಲದಿರಲು ಅದೂ ಒಂದು ಕಾರಣ. ಕೋಣೆಯ ಬೆಳಕಿನಲ್ಲಿ ಈ ತೊಂದರೆ ಲೆಕ್ಕಕ್ಕಿಲ್ಲ. ಮೈದಾನದಲ್ಲಿ ಫೀಲ್ಡ್ ಬುಕ್ಕಿನ ಕೆಳಗೆ ಇಟ್ಟುಕೊಳ್ಳಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಮಗನಿಗೆ ಕ್ಯಾಲ್ಕುಲೇಟರ್ ಕೊಡಿಸಬೇಕು. ನಕಲಿ ಜಾಸ್ತಿ ಬರ್ತಿದೆ ಅಂತಾರೆ. ಹೇಗೆ ನೋಡಿ ತಗೊಳ್ಳೋದು? ಮನೆಯಲ್ಲಿ ಅಕ್ಕನ ಮಗಳ ಹಳೇ 991ಇಎಸ್ ಪ್ಲಸ್ಸೂ ಇದೆ, ಆನ್ ಆಗ್ತಿಲ್ಲ. ಅದನ್ನೇ ರಿಪೇರಿ ಮಾಡಿಸಬಹುದಾ?
(ಮಂಗಳೂರು, ಪೋಷಕರು)

ಮೊದಲು ಮನೆಯಲ್ಲಿರುವುದನ್ನೇ ನೋಡಿ. ಹೆಚ್ಚಿನ ಸಲ ಸೆಲ್ ಸತ್ತಿರುತ್ತದೆ, ಅಷ್ಟೇ. ಹಿಂಬದಿಯ ಸಣ್ಣ ಸ್ಕ್ರೂ ಬಿಚ್ಚಿ ಹಳೇ ಎಲ್‌ಆರ್44 ತೆಗೆಯಿರಿ. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಒಣ ಬಟ್ಟೆಯಿಂದ ಒರೆಸಿ. ಹೊಸ ಸೆಲ್ಲಿನ ಪ್ಲಸ್ ಕಡೆ ಮೇಲೆ ಬರುವಂತೆ ಹಾಕಿ, ಮುಚ್ಚಿ. ಆಮೇಲೆ ಆನ್, ಶಿಫ್ಟ್, 9, 3, ಸಮ ಗುರುತು, ಎಸಿ. ಈ ಕ್ರಮದಲ್ಲಿ ಒತ್ತಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ, ಕೋನವೂ ಡಿಗ್ರಿಗೆ ಬರುತ್ತದೆ. ಸೈನ್ 30 ಒತ್ತಿ ನೋಡಿ. ಅರ್ಧ ಬಂದರೆ ಸರಿ. ಮೈನಸ್ 0.988 ಬಂದರೆ ಅದು ರೇಡಿಯನ್‌ನಲ್ಲಿದೆ ಅಂತ ಅರ್ಥ, ಕೆಟ್ಟಿದೆ ಅಂತಲ್ಲ. ಸೆಲ್ ಪುಟ್ಟದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೇದನ್ನು ಅವರ ಕೈಗೆ ಸಿಗದ ಹಾಗೆ ಎಸೆಯಿರಿ. ನುಂಗಿದರೆ ತುಂಬಾ ಅಪಾಯ.

ಹೊಸದು ಕೊಳ್ಳುವುದಾದರೆ ಬಿಲ್ಲು, ವಾರಂಟಿ ಕಾರ್ಡು ಕೊಡುವ ಅಂಗಡಿಗೇ ಹೋಗಿ. ಬಟನ್ ಮೇಲಿನ ಅಕ್ಷರ ಉಗುರಿನಲ್ಲಿ ಕೆರೆದರೆ ಏಳುವಂತಿದ್ದರೆ ಬೇಡ. ಪ್ಯಾನೆಲ್ಲನ್ನು ಬೆಳಕಿಗೆ ಓರೆ ಹಿಡಿದು ನೋಡಿ. ತೀರಾ ಅಗ್ಗದ ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ ಸೋಲಾರ್ ಸೆಲ್ಲೇ ಇರುವುದಿಲ್ಲ, ಕಪ್ಪು ಪ್ಲಾಸ್ಟಿಕ್ ಚೂರು ಅಂಟಿಸಿರುತ್ತಾರೆ. ಕೊಳ್ಳುವ ಮೊದಲು ಮಗನ ಕಾಲೇಜಿನಲ್ಲಿ ಯಾವ ಮಾಡೆಲ್ ಬಿಡುತ್ತಾರೆ ಅಂತ ಕೇಳಿಬಿಡಿ. ಪ್ರೋಗ್ರಾಮ್ ಬರೆದು ಇಡಬಹುದಾದ ಕ್ಯಾಲ್ಕುಲೇಟರ್‌ಗಳನ್ನು ಇಂಜಿನಿಯರಿಂಗ್ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಗಂತೂ ಯಾವುದನ್ನೂ ಒಯ್ಯುವಂತಿಲ್ಲ, ಕಂಪ್ಯೂಟರ್ ಪರದೆಯ ಮೇಲೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ. ಹಳೇ 991 ಆನ್ ಆದರೆ ಹೊಸದರ ದುಡ್ಡು ಉಳಿಯಿತು, ಅದರಲ್ಲಿ ಮ್ಯಾಟ್ರಿಕ್ಸ್, ಸಮೀಕರಣ, ಇಂಟಿಗ್ರೇಷನ್ ಎಲ್ಲ ಇದೆ, ಪದವಿ ಮುಗಿಯುವವರೆಗೂ ಸಾಕು.